ತಿಕ್ಕುವ ಕೈ ತಲುಪದ ಉಕ್ಕು

1985ರ ಮೇ 9ರಂದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಸಮೀಪದ ಊಸ್ಟರ್ ಪಟ್ಟಣದಲ್ಲಿ ಒಳಾಂಗಣ ಈಜುಕೊಳವೊಂದರ ಕಾಂಕ್ರೀಟ್ ತೂಗುಚಾವಣಿ ಕಳಚಿ ಬಿತ್ತು. 12 ಮಂದಿ ಸತ್ತರು. ಅಂದು ಭೂಮಿ ನಡುಗಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಕಟ್ಟಡ ಬಳಕೆಗೆ ಬಂದು 13 ವರ್ಷವಷ್ಟೇ ಆಗಿತ್ತು. ಚಾವಣಿಯನ್ನು ಮೇಲಿನ ಸೂರಿಗೆ ಬಿಗಿದು ಹಿಡಿದಿದ್ದ ಸರಳುಗಳು ಸ್ಟೇನ್‌ಲೆಸ್ ಸ್ಟೀಲಿನವು. ಅವೇನೂ ಕಳಪೆ ಮಾಲಲ್ಲ. ನೂರಕ್ಕೆ 18 ಪಾಲು ಕ್ರೋಮಿಯಂ, 8ರ ಆಸುಪಾಸು ನಿಕ್ಕಲ್ ಇರುವ, ಲೋಕದಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವ ಬಗೆ. ನಮ್ಮಲ್ಲಿ ಒಳ್ಳೆಯ ಲೋಟ, ತಟ್ಟೆ, ಪಾತ್ರೆಗಳನ್ನು ಮಾಡುವುದೂ ಅದರಿಂದಲೇ. ಅಂಗಡಿಯವರ ಬಾಯಲ್ಲಿ ಅದು 304. ಕಾಕತಾಳೀಯವೆಂದರೆ, ಅದೇ ವರ್ಷ ಅದೇ ದೇಶದಲ್ಲಿ ರೋಲೆಕ್ಸ್ ಕಂಪನಿ ತನ್ನ ಕೈಗಡಿಯಾರದ ಕವಚಕ್ಕೆ 904ಎಲ್ ಎಂಬ ಉಕ್ಕನ್ನು ಬಳಸತೊಡಗಿತು. ಗಂಧಕಾಮ್ಲವನ್ನು ತುಂಬಿಡಲು, ಸಾಗಿಸಲು ಎಂದು ರೂಪಿಸಿದ ಉಕ್ಕು ಅದು. 304ಕ್ಕಿಂತ ಎಷ್ಟೋ ದುಬಾರಿ, ತುಕ್ಕಿಗೆ ಎಷ್ಟೋ ಗಟ್ಟಿ. ದಿನವೂ ಯಾರೋ ಒರೆಸಿ ಇಡುವ ಗಡಿಯಾರಕ್ಕೆ ಆಮ್ಲ ತಡೆಯುವ ಉಕ್ಕು ಸಿಕ್ಕಿತು. ಯಾರ ಕಣ್ಣೂ ಬೀಳದ ಕತ್ತಲ ಸಂದಿಯಲ್ಲಿ ಜನರ ತಲೆಯ ಮೇಲೆ ಭಾರ ಹೊತ್ತು ನಿಂತ ಸರಳಿಗೆ ಲೋಟದ ಉಕ್ಕೇ ಗತಿಯಾಗಿತ್ತು.

ಇದನ್ನು ಎಂಜಿನಿಯರುಗಳ ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರನ್ನು ದಾರಿ ತಪ್ಪಿಸಿದ್ದು ನಮ್ಮೆಲ್ಲರ ಮನಸ್ಸಿನಲ್ಲೂ ಬೇರೂರಿರುವ ಒಂದು ನಂಬಿಕೆ. ಸ್ಟೀಲ್ ಪಾತ್ರೆ ಮೂವತ್ತು ವರ್ಷವಾದರೂ ಹೊಳೆಯುತ್ತದೆ, ಆದ್ದರಿಂದ ಅದಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದುಕೊಳ್ಳುತ್ತೇವೆ. ಹೊಳಪಿನ ಶ್ರೇಯಸ್ಸನ್ನೆಲ್ಲ ಲೋಹಕ್ಕೆ ಕೊಟ್ಟುಬಿಡುತ್ತೇವೆ. ಆ ಪಾತ್ರೆಯನ್ನು ದಿನಕ್ಕೆರಡು ಸಲ ನಾರು ಹಾಕಿ ತಿಕ್ಕಿ, ತೊಳೆದು, ಒಣಗಲು ಬೋರಲು ಹಾಕುವ ಕೈಯೊಂದಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಅದೇ ಪಾತ್ರೆಯಲ್ಲಿ ಉಪ್ಪುನೀರು ತುಂಬಿ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ತಳದಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಏಳಬಹುದು. ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಗೆ ಹಾಕದೆ ಪಿಂಗಾಣಿ ಜಾಡಿಗೇ ಹಾಕಿದವರು ಲೋಹಶಾಸ್ತ್ರ ಓದದೆಯೂ ಸರಿಯಾಗಿಯೇ ನಡೆದುಕೊಂಡಿದ್ದರು. ಸ್ಟೇನ್‌ಲೆಸ್ ಸ್ಟೀಲಿನ ಬಾಳಿಕೆಯಲ್ಲಿ ಒಂದು ಪಾಲು ಲೋಹದ್ದು, ಇನ್ನೊಂದು ಪಾಲು ತೊಳೆಯುವ ಕೈಯದು. ಆ ಕೈ ಎಲ್ಲಿಗೆ ತಲುಪುವುದಿಲ್ಲವೋ ಅಲ್ಲಿ ಕೈಯ ಪಾಲನ್ನೂ ಲೋಹವೇ ಹೊರಬೇಕು. ನಿಕ್ಕಲ್, ಮಾಲಿಬ್ಡಿನಂ, ಸಾರಜನಕಗಳನ್ನು ಧಾರಾಳವಾಗಿ ಬೆರೆಸಿದ ದುಬಾರಿ ಉಕ್ಕುಗಳಿಗೆ ನಿಜವಾದ ಜಾಗ ಅಲ್ಲಿದೆ ಎಂಬುದು ನನ್ನ ವಾದ.

ಮೊದಲು ಈ ಉಕ್ಕು ತನ್ನನ್ನು ಹೇಗೆ ಕಾಯ್ದುಕೊಳ್ಳುತ್ತದೆ ಎಂದು ನೋಡೋಣ. 1912–13ರ ಸುಮಾರಿಗೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಮೌರರ್ ಮತ್ತು ಸ್ಟ್ರೌಸ್, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಈ ದಾರಿ ಹಿಡಿದರು. ಕಬ್ಬಿಣಕ್ಕೆ ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಸೇರಿದರೆ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆಯೊಂದು ತಾನಾಗಿ ಕಟ್ಟಿಕೊಳ್ಳುತ್ತದೆ. ಆ ಪೊರೆಯ ದಪ್ಪ ಒಂದರಿಂದ ಮೂರು ನ್ಯಾನೋಮೀಟರ್. ತಲೆಗೂದಲನ್ನು ಹತ್ತಾರು ಸಾವಿರ ಪದರಗಳಾಗಿ ಸೀಳಿದರೆ ಒಂದು ಪದರ ಎಷ್ಟಾದೀತೋ ಅಷ್ಟು. ಗೀಚಿದರೆ ಹರಿಯುತ್ತದೆ, ಆಮ್ಲಜನಕ ಸಿಕ್ಕಿದ ಕ್ಷಣವೇ ಮತ್ತೆ ಕೂಡಿಕೊಳ್ಳುತ್ತದೆ. ಬಣ್ಣ ಬಳಿದ ಕಬ್ಬಿಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಬಣ್ಣ ಒಮ್ಮೆ ಎದ್ದರೆ ಎದ್ದಿತು, ಈ ಪೊರೆ ಮಾತ್ರ ಮಾಯುವ ಗಾಯದ ಹಾಗೆ. ಇದಕ್ಕೆ ನಿಕ್ಕಲ್ ಸೇರಿಸಿದಾಗ ಲೋಹದ ಒಳಗಿನ ಹರಳುಗಳ ಜೋಡಣೆಯೇ ಬದಲಾಗಿ, ಬಾಗಿಸಲು, ಎಳೆಯಲು, ಬೆಸೆಯಲು ಒಗ್ಗುವ, ಅಯಸ್ಕಾಂತಕ್ಕೆ ಅಂಟದ ಆಸ್ಟೆನಿಟಿಕ್ ಉಕ್ಕು ಸಿಗುತ್ತದೆ. ಅಂದಹಾಗೆ ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ಪರೀಕ್ಷಿಸುವವರು ತಿಳಿಯಬೇಕಾದ ಮಾತೊಂದಿದೆ. ಅಯಸ್ಕಾಂತ ಅಂಟದಿರುವುದು ಹರಳುಗಳ ಜೋಡಣೆಯನ್ನು ಹೇಳುತ್ತದೆಯೇ ಹೊರತು ತುಕ್ಕಿನ ಮಾತನ್ನಲ್ಲ. ನಿಕ್ಕಲ್ ಉಳಿಸಲು ಮ್ಯಾಂಗನೀಸ್ ತುಂಬಿದ ಅಗ್ಗದ 200 ಸರಣಿಯ ಉಕ್ಕಿಗೂ ಅಯಸ್ಕಾಂತ ಅಂಟುವುದಿಲ್ಲ.

ಈ ಪೊರೆಯ ಹಗೆ ಕ್ಲೋರೈಡ್. ಅಡುಗೆ ಉಪ್ಪಿನಲ್ಲಿ, ಬೆವರಿನಲ್ಲಿ, ಕಡಲಗಾಳಿಯಲ್ಲಿ, ಕೊಳವೆಬಾವಿಯ ಸವುಳು ನೀರಿನಲ್ಲಿ ಎಲ್ಲೆಲ್ಲೂ ಅದಿದೆ. ಸಮುದ್ರದ ನೀರಿನಲ್ಲಂತೂ ಲೀಟರಿಗೆ ಸುಮಾರು 19 ಗ್ರಾಂ. ಪೊರೆಯಲ್ಲಿ ಎಲ್ಲೋ ಒಂದು ದುರ್ಬಲ ಬಿಂದುವಿನಲ್ಲಿ ಕ್ಲೋರೈಡ್ ತೂತು ಕೊರೆಯುತ್ತದೆ. ಹೊರಗಿನ ನೀರಿನಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ತೂತಿನ ಒಳಗೆ ಅದು ಬೇಗ ಮುಗಿಯುತ್ತದೆ, ಹಾಗಾಗಿ ಅಲ್ಲಿ ಪೊರೆ ಮತ್ತೆ ಕಟ್ಟುವುದಿಲ್ಲ. ಒಳಗೆ ಕರಗಿದ ಲೋಹದ ಅಯಾನುಗಳು ನೀರಿನೊಡನೆ ವರ್ತಿಸಿ ಆಮ್ಲ ಹುಟ್ಟಿಸುತ್ತವೆ. ಆ ಅಯಾನುಗಳ ಧನ ವಿದ್ಯುದಂಶವನ್ನು ಸರಿತೂಗಿಸಲು ಹೊರಗಿನಿಂದ ಇನ್ನಷ್ಟು ಕ್ಲೋರೈಡ್ ಒಳಗೆ ಸೆಳೆಯಲ್ಪಡುತ್ತದೆ. ಆಮ್ಲ ಹೆಚ್ಚಿದಷ್ಟೂ ಲೋಹ ಕರಗುತ್ತದೆ, ಲೋಹ ಕರಗಿದಷ್ಟೂ ಆಮ್ಲ ಹೆಚ್ಚುತ್ತದೆ. ಲೋಹತಜ್ಞರು ಪಿಟ್ಟಿಂಗ್ ಎನ್ನುವ ಈ ಗುಳಿ ಬೀಳುವ ಕ್ರಿಯೆ ಹೀಗೆ ತನಗೆ ತಾನೇ ಮೇವು ಹಾಕಿಕೊಂಡು ಬೆಳೆಯುತ್ತದೆ. ವಾಷರಿನ ಅಡಿ, ತಿರುಪಿನ ಮರೆ, ಗ್ಯಾಸ್ಕೆಟ್ಟಿನ ಅಂಚು ಇಂಥ ಇಕ್ಕಟ್ಟಿನ ಸಂದಿಗಳಲ್ಲಿ ಇದು ಇನ್ನೂ ಬೇಗ ಶುರುವಾಗುತ್ತದೆ, ಏಕೆಂದರೆ ಅಲ್ಲಿ ಆಮ್ಲಜನಕದ ಬರ ಮೊದಲೇ ಇರುತ್ತದೆ. ರೋಲೆಕ್ಸ್ ಕಂಪನಿ 904ಎಲ್ ಕಡೆ ತಿರುಗಿದ್ದರ ತರ್ಕವೂ ಇಲ್ಲಿದೆ. ಗಡಿಯಾರದ ಹಿಂಬದಿ ಮುಚ್ಚಳದ ತಿರುಪಿನಲ್ಲಿ ಕೂತ ಬೆವರನ್ನು ಯಾವ ಬಟ್ಟೆಯೂ ಒರೆಸಲಾರದು.

ಊಸ್ಟರಿನಲ್ಲಿ ಆದದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಎಳೆತಕ್ಕೆ ಸಿಕ್ಕ ಲೋಹದಲ್ಲಿ ಕ್ಲೋರೈಡಿನ ಕೊರೆತ ಗುಳಿಯಾಗಿ ನಿಲ್ಲದೆ ಬಿರುಕಾಗಿ ಕವಲೊಡೆದು ಓಡುತ್ತದೆ. ಹೊರಗಿನ ಮೈ ಹೊಳೆಯುತ್ತಲೇ ಇರುತ್ತದೆ, ಸರಳು ಒಳಗೊಳಗೇ ಸೀಳಿರುತ್ತದೆ. ಈ ಕಾಯಿಲೆ 1985ಕ್ಕೂ ಮೊದಲೇ ಗೊತ್ತಿತ್ತು. ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಭಯವಿಲ್ಲ ಎಂಬುದು ರೂಢಿಯ ಸೂತ್ರವಾಗಿತ್ತು. ಈಜುಕೊಳದ ಗಾಳಿ 30 ಡಿಗ್ರಿಯ ಆಸುಪಾಸು. ಸೂತ್ರ ಸೋತದ್ದು ಎಲ್ಲಿ? ನೀರನ್ನು ಶುದ್ಧವಾಗಿಡಲು ಹಾಕುವ ಕ್ಲೋರಿನ್, ಈಜುವವರ ಬೆವರು ಮೂತ್ರಗಳ ಅಂಶದೊಡನೆ ಸೇರಿ ಕ್ಲೋರಮೈನ್ ಎಂಬ ಆವಿಯಾಗುವ ವಸ್ತುಗಳಾಗುತ್ತದೆ. ಒಳಾಂಗಣ ಕೊಳಕ್ಕೆ ಕಾಲಿಟ್ಟೊಡನೆ ಮೂಗಿಗೆ ಬಡಿಯುವ ವಾಸನೆ ಅದರದೇ. ಈ ಆವಿ ಮೇಲೇರಿ ಸೂರಿನಡಿಯ ಸರಳುಗಳ ಮೇಲೆ ಪಸೆಯಾಗಿ ಕೂರುತ್ತದೆ, ಒಣಗುತ್ತದೆ, ಮತ್ತೆ ಕೂರುತ್ತದೆ. ಪ್ರತಿ ಸುತ್ತಿನಲ್ಲೂ ಕ್ಲೋರೈಡ್ ಗಟ್ಟಿಯಾಗುತ್ತಾ ಹೋಗುತ್ತದೆ. ಕೆಲವು ಕ್ಲೋರೈಡ್ ಲವಣಗಳು ಗಾಳಿಯ ತೇವವನ್ನೇ ಹೀರಿ ಸದಾ ಒದ್ದೆಯಾಗಿರುತ್ತವೆ. ಕೆಳಗಿನ ಕೊಳದಲ್ಲಿ ಮುಳುಗಿರುವ ಸ್ಟೀಲ್ ಏಣಿಗೆ ಈ ಗತಿ ಬರುವುದಿಲ್ಲ, ಏಕೆಂದರೆ ಅದನ್ನು ನೀರು ಸದಾ ತೊಳೆಯುತ್ತಿರುತ್ತದೆ. ನೀರಿನಿಂದ ದೂರವಿದ್ದ ಸರಳು ಸತ್ತಿತು, ನೀರಿನೊಳಗಿದ್ದ ಏಣಿ ಬದುಕಿತು. ಕ್ಲೋರೈಡ್ ಎಷ್ಟಿದೆ ಎನ್ನುವುದಕ್ಕಿಂತ ಅದು ಕೂತಲ್ಲೇ ಕೂರಲು ಬಿಟ್ಟೆವೇ ಎನ್ನುವುದು ಮುಖ್ಯ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಇನ್ನೊಂದು ದುರದೃಷ್ಟವೂ ಸೇರಿಕೊಂಡಿತ್ತು. ನಿಕ್ಕಲ್ ಪ್ರಮಾಣಕ್ಕೂ ಈ ಬಿರುಕಿಗೂ ಇರುವ ನಂಟನ್ನು 1959ರಲ್ಲಿ ಕಾಪ್ಸನ್ ಎಂಬ ಲೋಹತಜ್ಞ ಕುದಿಯುವ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ತಂತಿಗಳನ್ನು ಎಳೆದಿಟ್ಟ ಪ್ರಯೋಗಗಳ ಆಧಾರದ ಮೇಲೆ ನಕ್ಷೆ ಮಾಡಿ ತೋರಿಸಿದ್ದ. ನಿಕ್ಕಲ್ ತೀರ ಕಡಿಮೆಯಿದ್ದರೂ ಬಿರುಕು ತಡವಾಗುತ್ತದೆ, ತುಂಬ ಹೆಚ್ಚಿದ್ದರೂ ತಡವಾಗುತ್ತದೆ. ನಕ್ಷೆಯ ತಗ್ಗು ಬೀಳುವುದು ನೂರಕ್ಕೆ 8ರ ಸುತ್ತ. ಅಂದರೆ ಲೋಕ ಮೆಚ್ಚಿದ 18-8 ಉಕ್ಕು ಈ ಒಂದು ಕಾಯಿಲೆಯ ಮಟ್ಟಿಗೆ ಇರಬಾರದ ಜಾಗದಲ್ಲೇ ಕೂತಿದೆ. ಬಾಗಿಸಲು, ಬೆಸೆಯಲು ಹಿತವಾದ ಅಳತೆಯೇ ಇಲ್ಲಿ ಮುಳುವಾಯಿತು.

ದುಬಾರಿ ಉಕ್ಕುಗಳ ಪಾಕ ಇಲ್ಲಿಂದ ಅರ್ಥವಾಗುತ್ತದೆ. 904ಎಲ್‌ನಲ್ಲಿ ನಿಕ್ಕಲ್ 25 ಪಾಲು, ಮಾಲಿಬ್ಡಿನಂ ನಾಲ್ಕೂಕಾಲು. ಸ್ವೀಡನ್ನಿನ ಅವೆಸ್ತಾದಲ್ಲಿ 1970ರ ದಶಕದಲ್ಲಿ ರೂಪುಗೊಂಡ 254 ಎಸ್‌ಎಂಒದಲ್ಲಿ ಕ್ರೋಮಿಯಂ 20, ನಿಕ್ಕಲ್ 18, ಮಾಲಿಬ್ಡಿನಂ 6, ಜತೆಗೆ ಸಾರಜನಕ ನೂರಕ್ಕೆ 0.2 ಪಾಲು. ಗಾಳಿಯ ಬಹುಪಾಲು ಆಗಿರುವ ಸಾರಜನಕಕ್ಕೆ ಉಕ್ಕಿನಲ್ಲೇನು ಕೆಲಸ ಎನ್ನಿಸಬಹುದು. ಗುಳಿಯೊಳಗೆ ಹುಟ್ಟುವ ಆಮ್ಲದ ಹೈಡ್ರೋಜನ್ ಅಯಾನುಗಳನ್ನು ಅದು ಹಿಡಿದು ಅಮೋನಿಯಂ ಆಗಿ ಮಾರ್ಪಡಿಸುತ್ತದೆ, ಆಮ್ಲದ ಮೊನೆ ಮುರಿಯುತ್ತದೆ ಎಂಬುದು ಹೆಚ್ಚಿನವರು ಒಪ್ಪಿರುವ ವಿವರಣೆ. ಮಾಲಿಬ್ಡಿನಂ ಗುಳಿಯ ತಳದಲ್ಲಿ ಶೇಖರವಾಗಿ ಲೋಹ ಕರಗುವ ವೇಗಕ್ಕೆ ಅಡ್ಡಿ ಹಾಕುತ್ತದೆ. ಎರಡೂ ಕೂಡಿದಾಗ ಬಲ ಇಮ್ಮಡಿ. ಇದನ್ನೆಲ್ಲ ಒಂದು ಅಂಕಿಯಲ್ಲಿ ಹೇಳಲು ತಜ್ಞರು ಸರಳ ಲೆಕ್ಕವೊಂದನ್ನು ಇಟ್ಟುಕೊಂಡಿದ್ದಾರೆ: ಕ್ರೋಮಿಯಂ ಪಾಲಿಗೆ ಮಾಲಿಬ್ಡಿನಮ್ಮಿನ 3.3 ಪಟ್ಟು, ಸಾರಜನಕದ 16 ಪಟ್ಟು ಕೂಡಿಸುವುದು. ಹಾಗೆ ಕೂಡಿದರೆ 304ಕ್ಕೆ ಸುಮಾರು 19, ಕಡಲತೀರದ ಉಕ್ಕೆಂದು ಮಾರುವ 316ಕ್ಕೆ 24ರ ಸುತ್ತ, 904ಎಲ್‌ಗೆ 34ರ ಮೇಲೆ, 254 ಎಸ್‌ಎಂಒಗೆ 43. ಪ್ರಯೋಗಶಾಲೆಯಲ್ಲಿ ಉಪ್ಪುನೀರನ್ನು ನಿಧಾನವಾಗಿ ಕಾಯಿಸುತ್ತ ಯಾವ ಉಷ್ಣತೆಯಲ್ಲಿ ಮೊದಲ ಗುಳಿ ಬೀಳುತ್ತದೆ ಎಂದು ನೋಡುವ ಪರೀಕ್ಷೆಯೂ ಇದೇ ಸಾಲನ್ನು ತೋರಿಸುತ್ತದೆ. 316 ಸುಮಾರು 20 ಡಿಗ್ರಿಯಲ್ಲೇ ಸೋಲುತ್ತದೆ, 904ಎಲ್ 60 ದಾಟುತ್ತದೆ, 254 ಎಸ್‌ಎಂಒ 85ರವರೆಗೆ ತಡೆಯುತ್ತದೆ.

ಅಂಕ ಹೆಚ್ಚಿದ್ದರೆ ಸಾಕು ತಾನೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕಡಿಮೆ ನಿಕ್ಕಲಿನ ಡ್ಯುಪ್ಲೆಕ್ಸ್ ಎಂಬ ಉಕ್ಕುಗಳಲ್ಲಿ ಕೆಲವು 40ರ ಅಂಕ ದಾಟುತ್ತವೆ, ಬಲವೂ ಹೆಚ್ಚು, ಬೆಲೆಯೂ ಇಳಿವು. ಹಾಗಿದ್ದೂ ಯುರೋಪಿನ ಉಕ್ಕಿನ ಕಟ್ಟಡಗಳ ವಿನ್ಯಾಸ ಮಾನಕ ಈಜುಕೊಳದ ಸೂರಿನಡಿ ತೊಳೆಯದೆ ಬಿಡುವ, ಭಾರ ಹೊರುವ ಭಾಗಗಳಿಗೆ ಅವನ್ನು ಹೆಸರಿಟ್ಟು ಹೊರಗಿಟ್ಟಿದೆ. ಅಂಕ ಗುಳಿಯ ಮಾತನ್ನಷ್ಟೇ ಹೇಳುತ್ತದೆ, ಬಿರುಕಿನದನ್ನಲ್ಲ. ಬೆಸುಗೆಯ ಕತೆ ಇನ್ನೊಂದು. ಆರು ಪಾಲು ಮಾಲಿಬ್ಡಿನಂ ಇರುವ ತಟ್ಟೆಯನ್ನು ಅದೇ ಲೋಹದ ಕಡ್ಡಿಯಿಂದ ವೆಲ್ಡ್ ಮಾಡಿದರೆ, ಆರುವಾಗ ಮಾಲಿಬ್ಡಿನಂ ಒಂದೆಡೆ ಗುಂಪಾಗಿ ಇನ್ನೊಂದೆಡೆ ತೆಳುವಾಗುತ್ತದೆ; ತೆಳುವಾದ ಗೆರೆಯಲ್ಲಿ ಗುಳಿ ಏಳುತ್ತದೆ. ಅದಕ್ಕೇ ಒಂಬತ್ತು ಪಾಲು ಮಾಲಿಬ್ಡಿನಂ ಇರುವ ನಿಕ್ಕಲ್ ಮಿಶ್ರಲೋಹದ ಕಡ್ಡಿಯಿಂದಲೇ ಬೆಸೆಯುವುದು ಪದ್ಧತಿ. ಬೆಸುಗೆಯ ಬಿಸಿಗೆ ಮೂಡಿದ ನೀಲಿ ಕಂದು ಛಾಯೆಯನ್ನು ಆಮ್ಲದಿಂದ ತೊಳೆದು ತೆಗೆಯದಿದ್ದರೂ ಅಷ್ಟೇ, ಅದರಡಿಯ ಲೋಹದಲ್ಲಿ ಕ್ರೋಮಿಯಂ ಬಡವಾಗಿರುತ್ತದೆ. ಅಂದರೆ ಉಕ್ಕು ಎಷ್ಟೇ ಸಿರಿವಂತವಾದರೂ ಕಾರ್ಖಾನೆಯ ಹಂತದಲ್ಲಿ ಒಮ್ಮೆಯಾದರೂ ತೊಳೆಯುವ ಕೈ ಬೇಕೇ ಬೇಕು. ಆಮೇಲೆ ಬೇಡವಾಗಬಹುದು.

ಗಂಭೀರವಾದ ಆಕ್ಷೇಪಣೆ ದುಡ್ಡಿನದು. ಕ್ರೋಮಿಯಂ ಅದಿರು ನಮ್ಮ ಹಾಸನ ಜಿಲ್ಲೆಯ ಬೈರಾಪುರದ ಸುತ್ತಲೂ ಇದೆ, ಒಡಿಶಾದ ಸುಕಿಂದಾದಲ್ಲಂತೂ ಹೇರಳ. ನಿಕ್ಕಲ್ ಮತ್ತು ಮಾಲಿಬ್ಡಿನಂ ಮಾತ್ರ ಬಹುಪಾಲು ಹೊರದೇಶಗಳಿಂದಲೇ ಬರಬೇಕು. ಎಲ್ಲ ಕಡೆಯೂ ಈ ದುಬಾರಿ ಉಕ್ಕನ್ನೇ ಹಾಕಿ ಎನ್ನುವುದು ಸಿರಿವಂತ ದೇಶಗಳ ಸಲಹೆ ಎಂದು ಯಾರಾದರೂ ಹೇಳಿದರೆ ತಪ್ಪಿಲ್ಲ. ಆದರೆ ಎಲ್ಲ ಕಡೆ ಹಾಕಿ ಎಂದು ಯುರೋಪಿನ ಆ ಮಾನಕವೇ ಹೇಳುವುದಿಲ್ಲ. 2015ರ ತಿದ್ದುಪಡಿಯಲ್ಲಿ ಅದು ಜಾಗಗಳಿಗೆ ಒಂದು ಅಂಕಪಟ್ಟಿಯನ್ನು ಕೊಟ್ಟಿದೆ; ಅಂಕ ಇಳಿದಷ್ಟೂ ಉಕ್ಕಿನ ದರ್ಜೆ ಏರಬೇಕು. ಕಡಲಿಂದ ಕಾಲು ಕಿಲೋಮೀಟರಿನ ಒಳಗಿನ ಜಾಗಕ್ಕೆ ಮೈನಸ್ 10. ಮಳೆ ಬಿದ್ದು ಚೆನ್ನಾಗಿ ತೊಳೆದುಹೋಗುವ ಭಾಗವಾದರೆ ಅದಕ್ಕೆ ಮತ್ತೇನೂ ಕಳೆಯುವುದಿಲ್ಲ. 316ರ ದರ್ಜೆಯ ಉಕ್ಕು ಸಾಕು. ಗೊತ್ತುಪಡಿಸಿದಂತೆ ತೊಳೆಯುವ ಏರ್ಪಾಡಿದ್ದರೆ ಇನ್ನೆರಡು ಅಂಕ ಕಳೆಯಬೇಕು, ಆಗಲೂ ದರ್ಜೆ ಬದಲಾಗದು. ಮಳೆಯೂ ಬೀಳದ, ಯಾರೂ ತೊಳೆಯದ ಮೂಲೆಯಾದರೆ ಮಾತ್ರ ಇನ್ನೂ ಏಳು ಅಂಕ ಕಳೆದು ಮೈನಸ್ 17ಕ್ಕೆ ಬರುತ್ತದೆ. ಆಗ 904ಎಲ್ ಇರುವ ದರ್ಜೆಗೆ ಏರಲೇಬೇಕು. ಕಡಲು ಅದೇ, ಗಾಳಿ ಅದೇ, ಕಟ್ಟಡವೂ ಅದೇ. ಪೋರ್ಟಿಕೋದ ಹೊರಗಿನ ಕಂಬಿಗೆ ಒಂದು ಉಕ್ಕು, ಸೂರಿನಡಿಯ ಕೊಂಡಿಗೆ ಇನ್ನೊಂದು. ತೊಳೆಯುವ ಕೈಗೆ ಬೆಲೆ ಕಟ್ಟಿ ಅದನ್ನು ಲೋಹದ ಲೆಕ್ಕಕ್ಕೆ ಬದಲಾಯಿಸಿಕೊಂಡ ಪಟ್ಟಿ ಇದು. ಯುರೋಪಿನ ತಂಪು ಕಡಲತೀರಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದಾದ್ದರಿಂದ ಕಾರವಾರ, ಮಲ್ಪೆಗಳಿಗೆ ಇದನ್ನು ಹಾಗೇ ಇಳಿಸಿಕೊಳ್ಳಲಾಗದು. ನಮ್ಮ ಬಿಸಿಗೆ ಇನ್ನೂ ಬಿಗಿ ಬೇಕಾದೀತು, ನಮ್ಮ ಮುಂಗಾರು ತೊಳೆಯುವ ಕೆಲಸವನ್ನು ಧಾರಾಳವಾಗಿ ಮಾಡಿಕೊಡುತ್ತದೆ ಎಂಬುದನ್ನೂ ಎಣಿಸಬೇಕು.

ಇನ್ನೂ ಒಂದು ವಾದವಿದೆ, ಅದನ್ನು ನಾನು ಅರ್ಧ ಒಪ್ಪುತ್ತೇನೆ. ಸತು ಲೇಪಿಸಿದ ಸಾದಾ ಕಬ್ಬಿಣ ಹಾಕಿ, ವರ್ಷಕ್ಕೊಮ್ಮೆ ಹತ್ತಿ ನೋಡಿದರೆ ಆಗದೆ? ಸಾದಾ ಕಬ್ಬಿಣದಲ್ಲಿ ಒಂದು ಪ್ರಾಮಾಣಿಕತೆ ಇದೆ. ಅದು ಕೆಂಪಗಾಗುತ್ತದೆ, ಉಬ್ಬುತ್ತದೆ, ಪದರು ಪದರಾಗಿ ಉದುರುತ್ತದೆ. ಸಾಯುವ ಮೊದಲು ಊರಿಗೆಲ್ಲ ಸಾರುತ್ತದೆ. ಸ್ಟೇನ್‌ಲೆಸ್ ಹಾಗಲ್ಲ. ಪೊರೆ ಗಟ್ಟಿಯಾದಷ್ಟೂ ಹಾನಿ ಒಂದೇ ಬಿಂದುವಿಗೆ ಇಳಿಯುತ್ತದೆ, ಹೊರಗೆ ಕಾಣುವುದು ಹೆಚ್ಚೆಂದರೆ ಚಹಾದ ಕಲೆಯಂಥ ಕಂದು ಗುರುತು. ಆದ್ದರಿಂದ ಕಣ್ಣು ಹಾಯಿಸಲು ದಾರಿಯಿದ್ದು, ನೋಡುವ ಮನುಷ್ಯನೂ ಇದ್ದಲ್ಲಿ ಸತು ಲೇಪದ ಕಬ್ಬಿಣವೇ ಜಾಣತನ. ತಕರಾರಿರುವುದು 'ವರ್ಷಕ್ಕೊಮ್ಮೆ ನೋಡಿದರೆ' ಎಂಬಲ್ಲಿ. ಮುಚ್ಚಿದ ಚಾವಣಿಯ ಮೇಲಿನ ಕತ್ತಲೆಗೆ ಹತ್ತುವವರು ಯಾರು, ಹತ್ತಿದವರು ಬರೆದ ವರದಿ ಓದುವವರು ಯಾರು? ನಿರ್ವಹಣೆಯ ಹಣವನ್ನು ಮೊದಲು ಕಡಿತ ಮಾಡುವ ಸಂಸ್ಥೆಗಳಲ್ಲಿ ಕಾಗದದ ಮೇಲಿನ ತಪಾಸಣೆಯನ್ನು ನಂಬಿ ಉಕ್ಕನ್ನು ಆರಿಸುವುದು ಊಸ್ಟರಿನ ತಪ್ಪನ್ನೇ ಬೇರೆ ದಾರಿಯಿಂದ ಮಾಡಿದಂತೆ.

ಕಡೆಯ ಆಕ್ಷೇಪಣೆ ಎದುರು ದಿಕ್ಕಿನಿಂದ ಬರುತ್ತದೆ. ಇಷ್ಟು ಹಣ ಸುರಿದ ಉಕ್ಕೂ ಸೋಲುತ್ತದಲ್ಲ? ಸೋಲುತ್ತದೆ. ಉತ್ತರ ಸಮುದ್ರದ ತೈಲವೇದಿಕೆಗಳಲ್ಲಿ ಆರು ಪಾಲು ಮಾಲಿಬ್ಡಿನಂ ಉಕ್ಕಿನ ಕೊಳವೆಗಳು ಸಮುದ್ರದ ನೀರನ್ನು ಹೊತ್ತಿವೆ. ಕೊಳವೆಯೊಳಗೆ ಚಿಪ್ಪುಜೀವಿಗಳು ಬೆಳೆಯದಿರಲೆಂದು ಆ ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ಕೊಳವೆಯ ಮೈ ಗಟ್ಟಿ ನಿಂತರೂ ಫ್ಲೇಂಜುಗಳ ಸಂದಿಯಲ್ಲಿ ಕೊರೆತ ಕಂಡಿತು. ಅದಕ್ಕೇ ನಾರ್ವೆಯ ತೈಲೋದ್ಯಮದ ನಾರ್ಸಾಕ್ ಮಾನಕ ಅಂಥ ಸಂದಿಗಳಿರುವ ಕಡೆ, ಕ್ಲೋರಿನ್ ಬೆರೆತ ಸಮುದ್ರದ ನೀರಿಗೆ 20 ಡಿಗ್ರಿಯ ಮಿತಿ ಹಾಕಿದೆ. ಮಂಗಳೂರಿನ ಕಡಲನೀರು ಕಾಯಿಸದೆಯೇ ಅದಕ್ಕಿಂತ ಬೆಚ್ಚಗಿದೆ! ಅಲ್ಲಿ ಟೈಟಾನಿಯಂ ಇಲ್ಲವೇ ಗಾಜುನಾರಿನ ಪ್ಲಾಸ್ಟಿಕ್ ಕೊಳವೆಯ ಕಡೆ ತಿರುಗಬೇಕು. ಇದು ನನ್ನ ವಾದಕ್ಕೆ ವಿರುದ್ಧವೆಂದು ನಾನು ಎಣಿಸುವುದಿಲ್ಲ. ಎರಡು ಫ್ಲೇಂಜುಗಳ ನಡುವಿನ ಕೂದಲೆಳೆಯ ಸಂದಿ ಲೋಹದ ಎಲ್ಲ ಜಾಗಗಳಲ್ಲಿ ತೊಳೆಯಲು ಅತ್ಯಂತ ಅಸಾಧ್ಯವಾದದ್ದು, ಸೋಲು ಕಂಡದ್ದೂ ಅಲ್ಲೇ. ಮಿಶ್ರಲೋಹ ಮಿತಿಯನ್ನು ದೂರಕ್ಕೆ ಸರಿಸುತ್ತದೆ, ಮಿತಿ ಅಲ್ಲಿ ಇದ್ದೇ ಇರುತ್ತದೆ.

ಮನೆಯ ಸೌಟಿಗೆ 254 ಎಸ್‌ಎಂಒ ಹುಡುಕುವುದು ಹಾಸ್ಯಾಸ್ಪದ, 304 ಧಾರಾಳ. ತಾರಸಿಯ ಕಂಬಿಗೆ ಅದೂ ಬೇಕಿಲ್ಲದಿರಬಹುದು. ಆದರೆ ಅಪಾರ್ಟ್‌ಮೆಂಟಿನಲ್ಲೋ ಹೋಟೆಲಿನಲ್ಲೋ ಮುಚ್ಚಿದ ಈಜುಕೊಳ ಕಟ್ಟಿಸುವವರು, ಅದರ ಸೂರಿಗೆ ದೀಪ, ಸ್ಪೀಕರ್, ಗಾಳಿಕೊಳವೆ ತೂಗುಹಾಕಿಸುವವರು ಗುತ್ತಿಗೆದಾರ 'ಎಸ್‌ಎಸ್ ಹಾಕಿದ್ದೇನೆ ಸಾರ್, ತುಕ್ಕು ಹಿಡಿಯಲ್ಲ' ಎಂದಾಗ ಯಾವ ಎಸ್‌ಎಸ್ ಎಂದು ಕೇಳಬೇಕು. 316 ಎಂಬ ಉತ್ತರ ಬಂದರೂ ಒಪ್ಪಬಾರದು. ಜನರ ತಲೆಯ ಮೇಲೆ ತೂಗುವ, ಯಾರೂ ತೊಳೆಯದ ಭಾಗಗಳಿಗೆ ಯುರೋಪಿನ ಆ ಮಾನಕದ ಪಟ್ಟಿಯಲ್ಲಿ ಉಳಿದಿರುವ ಸ್ಟೇನ್‌ಲೆಸ್ ಉಕ್ಕುಗಳು ಮೂರೇ, ಮೂರೂ ಹೆಚ್ಚು ಮಿಶ್ರಣದ ಆಸ್ಟೆನಿಟಿಕ್ ಉಕ್ಕುಗಳು: 1.4529, 1.4547, 1.4565. ನಡುವಿನದು 254 ಎಸ್‌ಎಂಒ.